ನಮ್ಮ ವೀಳ್ಯ ಹಿಡಿದ ಮೆಂಬರಮ್ಮ

ಮೆಂಬರಮ್ಮನ ಎಡಗೈ ತೋರುಬೆರಳಿನ ತುದೀಲಿ ಯಾವಾಗ್ಲೂ ಸುಣ್ಣ ಇರ್ತಿತ್ತು. ಎಲೆಗೆ ಹಚ್ಚಿ ಮಿಕ್ಕಿದ್ದನ್ನ ಒರೆಸ್ಕೊಳ್ಳೋ ಅಭ್ಯಾಸಾನೇ ಅವಳಿಗಿರ್ಲಿಲ್ಲ. ಹಂಗಾಗಿ ಅವಳು ಎಲ್ಲೆಲ್ಲಿ ಕೈ ತೋರಿಸಿ ಮಾತಾಡ್ತಿದ್ಲೋ ಅಲ್ಲೆಲ್ಲ ಒಂದು ಬಿಳೀ ಚುಕ್ಕಿ. ನಮ್ಮನೆ ಬಾಗಿಲ ಚೌಕಟ್ಟು, ಕರೆಂಟ್ ಮೀಟರಿನ ಡಬ್ಬ, ಏಸಿ ಬಸ್ಸಿನ ಸೀಟು. ಒಂದ್ಸಲ ನನ್ನ ಕೆನ್ನೆ ಮೇಲೂ ಒತ್ತಿದ್ಲು. "ಬಿಸ್ಲಲ್ಲಿ ಬೆಂದು ಇದ್ಲಾಗಿದೀಯ. ನಿಂಗೆ ದೃಷ್ಟಿಬೊಟ್ಟು ಬಿಳೀದೇ ಇಕ್ಬೇಕು ಕಣೆ" ಅಂತ ಹೇಳಿ ಹೊಟ್ಟೆ ಹಿಡ್ಕೊಂಡು ನಕ್ಕಿದ್ಲು.

ಹೆಂಗಸರ ಮೀಸಲಾತೀಲಿ ಒಂದೇ ಒಂದ್ಸಲ ಪಂಚಾಯ್ತಿ ಮೆಂಬರ್ ಆಗಿದ್ಲು. ಆಮೇಲೆ ಪಂಚಾಯ್ತೀನೇ ಹೋಯ್ತು, ಊರು ಬೆಂಗಳೂರಿನ ಹೊಟ್ಟೆಯೊಳಗೆ ಸೇರ್ಕೊಂಡ್ತು. ಮೆಂಬರಮ್ಮ ಮಾತ್ರ ಮೆಂಬರಮ್ಮನಾಗೇ ಉಳಿದ್ಲು. ಅವಳ ಗಂಡಾನೂ ಹಂಗೇ ಕರೀತಿದ್ದ, ಊಟಕ್ಕಿಕ್ಕು ಅನ್ನೋವಾಗ್ಲೂ.

ಇದನ್ನೆಲ್ಲ ನಾನು ಫೋನಲ್ಲಿ ಒಂದೇ ಬೆರಳಲ್ಲಿ ಒತ್ತೊತ್ತಿ ಬರೀತಿದೀನಿ. ಈ ಫೋನು ಭಾರೀ ಜಾಣ. ನಾನು ಎರಡಕ್ಷರ ಒತ್ತೋಷ್ಟರಲ್ಲಿ ಮುಂದಿನ ಮಾತು ತಾನೇ ಹೇಳ್ಬಿಡುತ್ತೆ, ನಮ್ಮತ್ತೆ ಥರ. ನಾನು ಬೇಡ ಅಂದ್ರೂ ಕೇಳಲ್ಲ, ಅದೂ ನಮ್ಮತ್ತೆ ಥರಾನೇ. ಈ ವಯಸ್ಸಲ್ಲಿ ಇದನ್ನ ಕಲಿಯೋ ಹಂಗೆ ಮಾಡಿದ್ದು ಮೆಂಬರಮ್ಮ. ಅವಳು ಕಲಿಸ್ಲಿಲ್ಲ. ಅವಳು ಮಾಡಿದ ಕೆಲಸ ಕಲಿಸ್ತು.

ನಮ್ಮೂರು ವರ್ತೂರು ದಾಟಿದ್ಮೇಲೆ. ನಾನು ಮದುವೆಯಾಗಿ ಬಂದಾಗ ಕೆರೆ ನೀರು ಕುಡೀಬಹುದಿತ್ತು ಅಂದ್ರೆ ನಮ್ಮನೆ ಮೇಲಿರೋ ಬಾಡಿಗೆಯೋರು ನಗ್ತಾರೆ. ನಾನು ಆನೇಕಲ್ ಕಡೆಯೋಳು, ರೇಷ್ಮೆ ಹುಳ ಸಾಕೋಕೆ ಗೊತ್ತಿತ್ತು, ಸೊಪ್ಪು ಬೆಳೆಯೋದು ಗೊತ್ತಿರ್ಲಿಲ್ಲ. ಇಲ್ಲಿ ಎಲ್ಲಾರದ್ದೂ ಸೊಪ್ಪೇ. ಮೊದಲನೇ ದಿನಾನೇ ನೀರು ಕಟ್ಟಿದ ಮಡಿಯೊಳಗೆ ದಡಬಡ ಕಾಲಿಟ್ಟು ಮೆಂತ್ಯವೆಲ್ಲ ತುಳಿದು ಹಾಕ್ದೆ. ಪಕ್ಕದ ಹೊಲದಿಂದ ಒಂದು ಕೂಗು ಬಂತು.

"ಏಯ್ ಆನೇಕಲ್ಲು! ಮದ್ವೆ ಮಂಟಪದ ಮೇಲೆ ನಡ್ಯೋ ಅಂಗೆ ನಡೀಬ್ಯಾಡ. ಬದು ಮ್ಯಾಲೆ ನಿಂತ್ಕೊಂಡು ಬಗ್ಗು!"

ಅವಳೇ ಮೆಂಬರಮ್ಮ, ಆಗಿನ್ನೂ ಮೆಂಬರ್ ಆಗಿರ್ಲಿಲ್ಲ. ಬದು ಹಾರಿ ಬಂದು ನನ್ನ ಸೊಂಟ ಹಿಡ್ಕೊಂಡು ಹೆಂಗೆ ಬಗ್ಗಬೇಕು ಅಂತ ತೋರಿಸ್ಕೊಟ್ಲು. ಬೀಜ ಎಷ್ಟು ದಟ್ಟ ಚೆಲ್ಲಬೇಕು, ದಂಟನ್ನ ಯಾವಾಗ ಕೀಳಬೇಕು, ಎಲ್ಲಾ ಅವಳೇ ಹೇಳಿದ್ದು. ಕಟ್ಟು ಕಟ್ಟೋವಾಗ ಹೇಳ್ತಿದ್ಲು, "ಬಿಗಿಯಾಗಿ ಕಟ್ಬ್ಯಾಡ, ಸೊಪ್ಪೂ ಉಸ್ರಾಡ್ಬೇಕು. ಮಾರೋವಾಗ ಮಾತ್ರ ನೀನು ಉಸ್ರು ಬಿಡ್ಬ್ಯಾಡ." ಮಾರ್ಕೆಟ್ಟಲ್ಲಿ ಅವಳು ಬೆಲೆ ಹೇಳಿ ಸುಮ್ಮನೆ ಎಲೆ ಅಗೀತಾ ಆಕಾಶ ನೋಡ್ತಿದ್ಲು. ಗಿರಾಕಿ ತಾನೇ ಸೋತು ಕೊಟ್ಟು ಹೋಗ್ತಿದ್ದ.

ಅವಳಿಗೊಂದು ಮಾತಿತ್ತು. ಯಾರ ಮನೇಲಿ ಏನಾದ್ರೂ ಹೆಚ್ಚುಕಮ್ಮಿ ಆಗ್ಲಿ, ಹೊಸಲು ದಾಟೋವಾಗ್ಲೇ ಅಂತಿದ್ಲು, "ಸುಮ್ಕಿರು, ನಾನಿವ್ನಿ." ಮೊದಲು ಅಳು ನಿಲ್ತಿತ್ತು, ಆಮೇಲೆ ವಿಷಯ ಏನು ಅಂತ ಕೇಳ್ತಿದ್ಲು.

ನಮ್ಮ ಯಜಮಾನ್ರು ಹೋದಾಗ ನನಗೂ ಆ ಮಾತು ಸಿಕ್ತು. ತಿಥಿ ಊಟದ ಎಲೆ ಇನ್ನೂ ಎತ್ತಿರ್ಲಿಲ್ಲ, ನನ್ನ ಮೈದುನಂದಿರು ಒಂದು ಕಾಗದ ತಂದಿಟ್ರು, ಪಕ್ಕದಲ್ಲಿ ಶಾಯಿ ಡಬ್ಬಿ. ಕೆರೆ ಪಕ್ಕದ ಅರ್ಧ ಎಕರೆ ಅವರ ಹೆಸರಿಗೆ ಮಾಡ್ಕೊಡ್ಬೇಕಂತೆ. "ಅತ್ತಿಗೆ, ಸುಮ್ನೆ ಒಂದು ಹೆಬ್ಬೆಟ್ಟು" ಅಂದ್ರು. ನನಗೆ ಸಹಿ ಮಾಡೋಕೆ ಬರುತ್ತೆ ಅನ್ನೋದೂ ಅವರಿಗೆ ಮರೆತುಹೋಗಿತ್ತು. ನನ್ನ ಕಣ್ಣಲ್ಲಿ ನೀರು. ಅಷ್ಟೊತ್ತಿಗೆ ಮೆಂಬರಮ್ಮ ಅಡುಗೆ ಮನೆಯಿಂದ ಸಾರಿನ ಸೌಟು ಹಿಡ್ಕೊಂಡೇ ಬಂದ್ಲು. ಕಾಗದ ನೋಡಿದ್ಲು, "ಸುಮ್ಕಿರು, ನಾನಿವ್ನಿ" ಅಂತ ನನಗಂದು ಸೌಟು ಕೆಳಗಿಟ್ಲು, ಶಾಯಿ ಡಬ್ಬಿಗೆ ಅಂಗೈ ಪೂರಾ ಅದ್ದಿ ಚಿಕ್ಕ ಮೈದುನನ ಬಿಳೀ ಷರಟಿನ ಬೆನ್ನಿಗೆ ಪಟಾರಂತ ಒಂದು ಬಿಟ್ಲು.

"ತಗಳಪ್ಪ, ಎಬ್ಬೆಟ್ಟು ಯಾಕೆ, ಐದೂ ಬೆಟ್ಟು ಆಯ್ತು. ಓಗಿ ರಿಜಿಸ್ಟ್ರು ಮಾಡಿಸ್ಕಳಿ!"

ತಿಥಿಗೆ ಬಂದೋರೆಲ್ಲ ನಕ್ಕುಬಿಟ್ರು. ಆ ನಗೂನಲ್ಲೇ ಅವರ ಕಾಗದ ಮಡಚ್ಕೊಂಡು ಹೋಯ್ತು. ನನ್ನ ಅರ್ಧ ಎಕರೆ ಉಳೀತು.

ಆ ಅರ್ಧ ಎಕರೆ ಅಂದ್ರೆ ನನಗೇನು ಅಂತ ಹೇಳ್ಬೇಕು. ರಸ್ತೆ ಕಡೆ ಇದ್ದ ನಮ್ಮ ಜಮೀನು ನಮ್ಮೆಜಮಾನ್ರು ಇರೋವಾಗ್ಲೇ ಮಾರಿ ಆಗಿತ್ತು. ಅಲ್ಲೀಗ ಅಪಾರ್ಟ್‌ಮೆಂಟು. ಆ ದುಡ್ಡಲ್ಲೇ ಬಾಡಿಗೆ ಮನೆ ಕಟ್ಟಿದ್ದು. ಊಟಕ್ಕೇನೂ ಕಮ್ಮಿ ಇಲ್ಲ. ಆದ್ರೆ ಬೆಳಗ್ಗೆ ಎದ್ದು ಸೊಪ್ಪಿನ ಮಡಿಗೆ ಹೋಗಿಲ್ಲ ಅಂದ್ರೆ ನಾನು ಯಾರು? ಟೀವಿ ಮುಂದೆ ಕೂತು ಮಾತ್ರೆ ನುಂಗೋ ಒಂದು ಮುದುಕಿ. ಅಲ್ಲಿ ಹೋಗಿ ಬಗ್ಗಿದ್ರೆ ನಾನು ನಾನೇ.

ಬೆಂಗಳೂರಿನ ಹಳೇ ಪ್ಲಾನಲ್ಲಿ, ಅಂದ್ರೆ ಎಲ್ಲಿ ಏನು ಮಾಡಬಹುದು ಅಂತ ಸರ್ಕಾರದೋರು ಬಣ್ಣ ಹಚ್ಚಿಟ್ಟ ಮ್ಯಾಪಲ್ಲಿ, ನಮ್ಮೂರ ಮೇಲೆ ಒಂದು ಗೆರೆ ಇತ್ತು. ಗೆರೆಯಿಂದ ರಸ್ತೆ ಕಡೆಗಿದ್ದಿದ್ದು ಹಳದಿ, ಅಲ್ಲಿ ಮನೆ ಕಟ್ಟಬಹುದು. ಕೆರೆ ಕಡೆಗಿದ್ದಿದ್ದು ಹಸಿರು, ಅಲ್ಲಿ ಬೆಳೆ ಬಿಟ್ರೆ ಇನ್ನೇನೂ ಮಾಡೋ ಹಂಗಿಲ್ಲ. ನಮ್ಮ ಥರದ ಮನೆಗಳಿಗೆ ಎರಡೂ ಕಡೆ ಜಮೀನಿತ್ತು. ಮೆಂಬರಮ್ಮಂದು ಪೂರಾ ಕೆರೆ ಕಡೆಗೇ ಇತ್ತು.

ಹೋದ ವರ್ಷ ಹೊಸ ಪ್ಲಾನ್ ಬಂತು. ಹಸಿರೆಲ್ಲ ಹಳದಿ ಮಾಡ್ತಾರೆ, ಅಗಲದ ರಸ್ತೆ ಬರುತ್ತೆ, ದೊಡ್ಡ ಬಡಾವಣೆ ಆಗುತ್ತೆ, ಜಮೀನು ಬಿಟ್ಕೊಟ್ಟೋರಿಗೆ ಅದರಲ್ಲೇ ಸೈಟು ಕೊಡ್ತಾರೆ. ಆಕ್ಷೇಪಣೆ ಇದ್ರೆ ಹೇಳಿ ಅಂತ ಪೇಪರಲ್ಲಿ ಹಾಕಿದ್ರು. ನಾನೂ ಮೆಂಬರಮ್ಮಾನೂ ಬಸ್ ಹಿಡಿದು ಆಫೀಸಿಗೆ ಹೋಗಿ ಗೋಡೆ ಮೇಲೆ ಅಂಟಿಸಿದ ಮ್ಯಾಪು ನೋಡಿದ್ವಿ. ಅವಳು ಕೆರೆ ಹುಡುಕಿ, ಬದು ಲೆಕ್ಕ ಹಾಕಿ, "ಇಗೋ, ಇದೇ ನಿಂದು" ಅಂತ ಬೆರಳಿಟ್ಲು. ನನ್ನ ಅರ್ಧ ಎಕರೆ ಮೇಲೆ ಸುಣ್ಣದ ಚುಕ್ಕಿ ಬಿತ್ತು.

ಗುಮಾಸ್ತ ಓಡಿಬಂದ. "ಅಮ್ಮ, ಮ್ಯಾಪ್ ಮುಟ್ಬೇಡಿ!"

"ನಮ್ಮ ಒಲ ನೀವು ಮುಟ್ಬೌದು, ನಿಮ್ಮ ಕಾಗ್ದ ನಾವು ಮುಟ್ಬಾರ್ದಾ ಸಾ?"

ಗುಮಾಸ್ತ ಕರ್ಚೀಫಲ್ಲಿ ಆ ಚುಕ್ಕಿ ಒರೆಸೋಕೆ ನಿಂತ. ನಾನು ಬಸ್ಸಲ್ಲಿ ಬರ್ತಾ ಇಡೀ ದಾರಿ ನಗ್ತಾ ಬಂದೆ. ಇವಳಿರೋವಾಗ ನಮ್ಮ ಹೊಲ ಯಾರು ಮುಟ್ತಾರೆ ಅಂದ್ಕೊಂಡೆ.

ನಮ್ಮೂರಲ್ಲಿ ಒಂದು ಪದ್ಧತಿ ಇದೆ. ಊರಿನ ವಿಷಯ ಏನಾದ್ರೂ ಹೊರಗಡೆ ಮಾತಾಡ್ಬೇಕು ಅಂದ್ರೆ ಎಲ್ಲಾರೂ ಬಾಯಿ ಹಾಕಲ್ಲ. ಒಬ್ಬರಿಗೆ ವೀಳ್ಯ ಕೊಡ್ತೀವಿ. ತಟ್ಟೇಲಿ ಎಲೆ ಅಡಿಕೆ ಇಟ್ಟು ಊರೆಲ್ಲ ಆ ತಟ್ಟೆ ಮುಟ್ಟಿ ಕೊಡೋದು. ವೀಳ್ಯ ಹಿಡಿದೋರ ಬಾಯಿ ಊರ ಬಾಯಿ. ಅವರು ಮಾತಾಡಿದ ಮೇಲೆ ಇನ್ನೊಬ್ರು ಎದ್ದು ನಿಂತು ಮಾತಾಡಿದ್ರೆ ಊರ ಮಾನ ಕಳೆದಂಗೆ. ಮದುವೆ ಮಾತುಕತೆ, ಕೆರೆ ನೀರಿನ ಜಗಳ, ಎಲ್ಲಾ ಹಂಗೇ ನಡ್ಕೊಂಡು ಬಂದಿದ್ದು.

ಹಾಲಿನ ಡೈರಿ ಮುಂದೆ ಬೆಳಗ್ಗೆ ಹಾಲು ಹಾಕಿ ಆದ್ಮೇಲೆ ಎಲ್ಲಾರೂ ಸೇರಿದ್ವಿ. ಪ್ಲಾನ್ ಬೇಡ, ಹಸಿರು ಹಸಿರಾಗೇ ಇರ್ಲಿ ಅಂತ ಹೇಳೋದು ಅಂತ ಮಾತಾಯ್ತು. ವೀಳ್ಯ ಯಾರಿಗೆ ಅಂತ ಯೋಚನೆ ಮಾಡೋ ಪ್ರಮೇಯಾನೇ ಬರ್ಲಿಲ್ಲ. ತಟ್ಟೆ ಹಿಡಿದು ಕೊಟ್ಟೋಳು ನಾನೇ. ಮೆಂಬರಮ್ಮ ಸೆರಗು ಹೊದ್ಕೊಂಡು ಎರಡೂ ಕೈಯಲ್ಲಿ ತಗೊಂಡು ಕಣ್ಣಿಗೊತ್ಕೊಂಡ್ಲು.

"ಸುಮ್ಕಿರಿ, ನಾನಿವ್ನಿ" ಅಂದ್ಲು.

ನಮ್ಮ ಮಹಡಿ ಮೇಲೆ ಒಬ್ಬ ಹುಡುಗಿ ಬಾಡಿಗೆಗಿದಾಳೆ. ಹುಬ್ಬಳ್ಳಿ ಕಡೆಯೋಳು, ವೈಟ್‌ಫೀಲ್ಡಲ್ಲಿ ಕೆಲಸ, ಹಣೆ ಮೇಲೆ ದಿನಾ ವಿಭೂತಿ. ಅವಳು ಆವತ್ತೇ ಹೇಳಿದ್ಲು, "ಅಜ್ಜಿ, ಹಂಗ ಒಬ್ಬರಿಗೆ ಬಿಟ್ರ ನಡಿಯಂಗಿಲ್ರಿ. ಆಫೀಸಿನ್ಯಾಗ ಒಬ್ಬೊಬ್ಬರದೂ ಬ್ಯಾರೆ ಬ್ಯಾರೆ ಆಕ್ಷೇಪಣೆ ತಗೋತಾರ. ಅಪಾರ್ಟ್‌ಮೆಂಟಿನವರು ನೋಡ್ರಿ, ಮನಿಗೊಂದು ಹಾಕ್ಯಾರ."

"ಅವ್ರಿಗೆ ಒಬ್ಬರ ಮೇಲೊಬ್ರಿಗೆ ನಂಬಿಕೆ ಇಲ್ಲ ಕಣಮ್ಮ, ಅದಕ್ಕೆ. ನಮ್ಮಲ್ಲಿ ವೀಳ್ಯ ಕೊಟ್ರೆ ಮುಗೀತು" ಅಂದೆ. ಭಾರೀ ಗತ್ತಲ್ಲೇ ಅಂದೆ.

ಕಲ್ಯಾಣ ಮಂಟಪದಲ್ಲಿ ಸಭೆ. ಮದುವೆಗೆ ಹಾಕೋ ಕೆಂಪು ಕುರ್ಚಿ, ಹುಡುಗ ಹುಡುಗಿ ಕೂರೋ ಜಾಗದಲ್ಲಿ ಆಫೀಸರುಗಳು. ಮೊದಲು ಅಪಾರ್ಟ್‌ಮೆಂಟಿನೋರು ಮಾತಾಡಿದ್ರು. ಒಬ್ಬರು ಇಂಗ್ಲಿಷಲ್ಲಿ ಶುರು ಮಾಡಿ, ಆಮೇಲೆ ನಮ್ಮನ್ನ ನೋಡಿ ಕನ್ನಡಕ್ಕೆ ತಿರುಗಿ, "ಈ ಹಸಿರು ಬೆಂಗಳೂರಿನ ಶ್ವಾಸಕೋಶ" ಅಂದ್ರು.

ಪಕ್ಕದಲ್ಲಿ ಕೂತಿದ್ದ ಮೆಂಬರಮ್ಮ ನನ್ನ ಕಿವಿ ಹತ್ರ ಬಗ್ಗಿ, "ನಮ್ಮ ಒಲ ಇವ್ರಿಗೆ ಶ್ವಾಸಕೋಶ ಅಂತೆ. ನಂಗೆ ಮಾತ್ರ ಮೂಲವ್ಯಾಧಿ" ಅಂದ್ಲು. ನಾನು ಸೆರಗು ಬಾಯಿಗಿಟ್ಕೊಂಡು ನಕ್ಕೆ. ತಮಾಷೆ ಅಂದ್ಕೊಂಡಿದ್ದೆ.

ಗ್ರಾಮಸ್ಥರ ಪರವಾಗಿ ಯಾರು ಅಂತ ಕೂಗಿದ್ರು. ಮೆಂಬರಮ್ಮ ಎದ್ದು ಹೋಗಿ ಮೈಕ್ ಹಿಡಿದ್ಲು. ನಾಕೇ ಮಾತಲ್ಲಿ ಮುಗಿಸಿದ್ಲು.

"ನಮ್ಮೂರೋರು ನಂಗೆ ವೀಳ್ಯ ಕೊಟ್ಟವ್ರೆ. ಊರ ಪರವಾಗಿ ಯೋಳ್ತಾ ಇವ್ನಿ. ಈ ಪ್ಲಾನಿಗೆ ನಮ್ದೇನೂ ಅಡ್ಡಿ ಇಲ್ಲ ಸಾ. ಮಾಡ್ಕಳಿ."

ನನಗೆ ಮೈಕ್ ಕೆಟ್ಟಿದ್ಯೇನೋ ಅನ್ನಿಸ್ತು. ಆಫೀಸರು ಕೂಡ ಇನ್ನೊಂದ್ಸಲ ಕೇಳಿದ್ರು. "ಗ್ರಾಮಸ್ಥರದ್ದು ಆಕ್ಷೇಪಣೆ ಇಲ್ಲ ಅಂತ ಬರ್ಕೊಳ್ಳೋದಾ? ಬೇರೆ ಯಾರಾದ್ರೂ ಮಾತಾಡ್ತೀರಾ?"

ನಾವೆಲ್ಲ ಅಲ್ಲೇ ಕೂತಿದ್ವಿ, ಸಾಲಿಗೆ ಸಾಲು. ಒಬ್ಬರ ಮುಖ ಒಬ್ಬರು ನೋಡಿದ್ವಿ. ಯಾರೂ ಏಳ್ಲಿಲ್ಲ. ಹೆಂಗೆ ಏಳೋದು? ವೀಳ್ಯ ಹಿಡಿದೋಳು ಮಾತಾಡಿ ಆಗಿತ್ತು. ಆಫೀಸರು ಬರ್ಕೊಂಡ್ರು. ಶ್ವಾಸಕೋಶದೋರು ಹಿಂದೆ ತಿರುಗಿ ನಮ್ಮನ್ನ ನೋಡಿದ ರೀತಿ ಇವತ್ತಿಗೂ ಚುಚ್ಚುತ್ತೆ. ಇವರೇ ಮಾರ್ಕೊಂಡ್ರಲ್ಲ ಅನ್ನೋ ಥರ.

ಮಾರನೇ ದಿನ ಬೆಳಗ್ಗೆ ಅವಳು ಕೊತ್ತಂಬರಿ ಮಡೀಲಿ ಕೂತು ಕಳೆ ಕೀಳ್ತಿದ್ಲು, ಏನೂ ಆಗೇ ಇಲ್ಲ ಅನ್ನೋ ಹಂಗೆ. ನಾನು ಬದು ಮೇಲೆ ನಿಂತ್ಕೊಂಡೆ.

"ಏನೇ ಆನೇಕಲ್ಲು, ಮೂತಿ ಊದಿಸ್ಕಂಡು ಬಂದೆ?"

"ಮಾತು ಯಾಕೆ ತಿರುಗಿಸ್ದೆ?"

ಕಳೆ ಕೀಳ್ತಾನೇ ಹೇಳಿದ್ಲು. "ಆ ಗೆರೆ ಎಳೆದೋನು ನನ್ನ ಕೇಳಿ ಎಳೆದ್ನಾ? ನಿಮ್ದೆಲ್ಲ ಅಳದಿ ಮಾಡ್ದ, ನಂದು ಪೂರ್ತಿ ಅಸ್ರು ಮಾಡ್ದ. ನೀವು ಮಾರ್ಕಂಡ್ರಿ, ಮಹಡಿ ಮ್ಯಾಲೆ ಮಹಡಿ ಕಟ್ಟಿದ್ರಿ. ಮ್ಯಾಲೆ ನಿಂತ್ಕಂಡು ಕಾಪಿ ಕುಡೀತಾ, 'ಮೆಂಬರಮ್ಮನ ಒಲ ನೋಡೋಕೆ ಎಷ್ಟು ಚೆಂದ' ಅಂತೀರ. ನಾನು ಕೆಳ್ಗೆ ಬಗ್ಗಿಕಂಡೇ ಇರ್ಬೇಕಾ ನಿಮ್ಗೆ ಚೆಂದ ಕಾಣೋಕೆ? ನನ್ನ ಸೊಸೆ ಇನ್ನೂ ಹೆಂಚಿನ ಮನೇಲಿ ಪಾತ್ರೆ ಇಕ್ತಾಳೆ ಮಳೆ ಸೋರೋ ಕಡೆ. ಬಾಡ್ಗೆ ತಿನ್ನೋ ಮುಂಡೇವಕ್ಕೆಲ್ಲ ಅಸ್ರು ಬೇಕಂತೆ, ಅಸ್ರು!"

ಹಂಗೆ ಚೆಂದ ಅಂತ ಅಂದೋಳು ನಾನೇ. ಅವಳ ಮಾತಲ್ಲಿ ಸುಳ್ಳಿರ್ಲಿಲ್ಲ. ಆದ್ರೂ ನಾನು ಬಿಡ್ಲಿಲ್ಲ.

"ಸರಿ ಕಣೆ. ಹಂಗಿದ್ರೆ ಡೈರಿ ಮುಂದೆ ಹೇಳ್ಬೇಕಿತ್ತು. ಈ ವೀಳ್ಯ ನಂಗೆ ಬೇಡ ಅನ್ಬೇಕಿತ್ತು. ನಾವು ಬೇರೆ ಯಾರನ್ನಾದ್ರೂ ಕಳಿಸ್ತಿದ್ವಿ."

ಅವಳು ತಲೆ ಎತ್ತಿ ನನ್ನನ್ನೇ ನೋಡಿದ್ಲು.

"ಅದಕ್ಕೇ ತಗಂಡಿದ್ದು. ಬೇರೆ ಯಾರೂ ಓಗ್ಬಾರ್ದು ಅಂತ."

ಅಷ್ಟು ವರ್ಷದ ಪರಿಚಯದಲ್ಲಿ ಅವಳು ನನಗೆ ಸುಳ್ಳು ಹೇಳಿದ್ದಿಲ್ಲ. ಅವತ್ತೂ ಹೇಳ್ಲಿಲ್ಲ. ಹೇಳಿದ್ರೆ ಚೆನ್ನಾಗಿರ್ತಿತ್ತು. ಆಸೆಗೆ ಬಿದ್ಲು, ಯಾರೋ ತಲೆ ಕೆಡಿಸಿದ್ರು, ಮೈಕ್ ಮುಂದೆ ಹೆದರಿದ್ಲು, ಏನೋ ಒಂದು ಹೇಳ್ಕೊಂಡು ಸಮಾಧಾನ ಮಾಡ್ಕೋತಿದ್ದೆ. ನನ್ನ ಕೈಯಿಂದ ತಟ್ಟೆ ತಗೊಂಡು ಕಣ್ಣಿಗೊತ್ಕೊಳ್ಳೋವಾಗ್ಲೇ ಎಲ್ಲಾ ತೀರ್ಮಾನ ಮಾಡ್ಕೊಂಡಿದ್ಲು ಅಂದ್ರೆ?

"ನನ್ನ ಅರ್ಧ ಎಕರೆ?" ಅಂದೆ.

"ಅದಕ್ಕೆ ಸೈಟು ಕೊಡ್ತಾರೆ."

"ಸೈಟಲ್ಲಿ ದಂಟು ಬೆಳೆಯುತ್ತೇನೆ?"

"ಮಹಡಿ ಮ್ಯಾಲೆ ಕುಂಡದಲ್ಲಿ ಬೆಳ್ಕೋ" ಅಂದು ಮತ್ತೆ ಕಳೆಗೆ ಬಗ್ಗಿದ್ಲು.

ಮನೆಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹುಬ್ಬಳ್ಳಿ ಹುಡುಗಿ ಆಫೀಸಿಗೆ ಹೊರಟಿದ್ದೋಳು ಬ್ಯಾಗ್ ಕೆಳಗಿಟ್ಟು ಪಕ್ಕದಲ್ಲೇ ಕೂತ್ಲು. ಎಲ್ಲಾ ಕೇಳಿದ್ಮೇಲೆ ಅಂದ್ಲು, "ಆಕ್ಷೇಪಣೆ ಹಾಕಾಕ ಇನ್ನೂ ಟೈಮ್ ಐತ್ರಿ ಅಜ್ಜಿ. ಫೋನಿನ್ಯಾಗ ನಿಮ್ಮದು ನೀವ ಹಾಕ್ರಿ."

"ನೀನೇ ಹಾಕಿಬಿಡಮ್ಮ, ನಂಗೆಲ್ಲಿ ಬರುತ್ತೆ."

"ಹಾಕ್ತಿದ್ದೆ. ಆದ್ರ ಮತ್ತ ನಿಮ್ಮ ಬಾಯಿ ಇನ್ನೊಬ್ಬರಿಗೆ ಕೊಟ್ಟಂಗ ಆತಲ್ರಿ?"

ಈ ಹುಡುಗಿಗೆ ಬಾಡಿಗೆ ಜಾಸ್ತಿ ಮಾಡ್ಬೇಕು, ಬಾಯಿ ಚುರುಕಾಯ್ತು ಅಂದ್ಕೊಂಡೆ. ಆದ್ರೆ ಸಾಯಂಕಾಲ ಅವಳು ಬರೋದನ್ನೇ ಕಾಯ್ತಾ ಗೇಟಲ್ಲಿ ನಿಂತಿದ್ದೆ. ಒತ್ತಕ್ಷರ ಎಲ್ಲಿದೆ, ದೀರ್ಘ ಎಲ್ಲಿದೆ, ತಪ್ಪಾದ್ರೆ ಹೆಂಗೆ ಅಳಿಸೋದು, ಎಲ್ಲಾ ತೋರಿಸಿದ್ಲು. ಸೊಪ್ಪು ಕಿತ್ತ ಬೆರಳು ನಂದು, ಚರ್ಮ ಒರಟು, ಎಷ್ಟೋ ಸಲ ಫೋನಿಗೆ ನಾನು ಮುಟ್ಟಿದ್ದೇ ಗೊತ್ತಾಗ್ತಿರ್ಲಿಲ್ಲ. ನಾಲಿಗೆಗೆ ಬೆರಳು ತಾಗಿಸ್ಕೊಂಡು ಒತ್ತಿದ್ರೆ ಕೇಳ್ತಿತ್ತು. ನನ್ನ ಜೀವನದಲ್ಲಿ ನಾನು ಮೊದಲು ಟೈಪ್ ಮಾಡಿದ್ದು ಇದು:

"ನನ್ನ ಅರ್ಧ ಎಕರೆಯಲ್ಲಿ ನಾನು ಸೊಪ್ಪು ಬೆಳೆಯುತ್ತೇನೆ. ಅದನ್ನು ಬಿಟ್ಟುಕೊಡಲು ನನಗೆ ಇಷ್ಟ ಇಲ್ಲ. ಊರ ಪರವಾಗಿ ಮಾತಾಡಿದವರು ನನ್ನ ಪರವಾಗಿ ಮಾತಾಡಿಲ್ಲ."

"ಇಷ್ಟ ಇಲ್ಲ ಅಂದ್ರ ಅದು ಕಾರಣ ಆಗಂಗಿಲ್ರಿ ಅಜ್ಜಿ. ಪರಿಸರ, ಅಂತರ್ಜಲ ಅಂತ ಏನರೆ ಸೇರಿಸ್ರಿ."

"ಗಂಡು ಇಷ್ಟ ಇಲ್ಲ ಅಂತ ನೀನು ಮನೇಲಿ ಹೇಳಿದ್ಯಲ್ಲ, ಆಗ ಅಂತರ್ಜಲ ಸೇರಿಸಿದ್ಯಾ?" ಅಂದೆ. ಅವಳು ನಕ್ಕುಬಿಟ್ಲು. ಕಳಿಸೋ ಗುಂಡಿ ನಾನೇ ಒತ್ತಿದೆ. ಅವತ್ತು ರಾತ್ರಿ ಊಟ ಸೇರ್ಲಿಲ್ಲ. ಊರ ಮಾತು ಮೀರಿದ್ದು ನಾನೊಬ್ಬಳೇ ಅಂತ ಒಂದು ಭಯ.

ಒಬ್ಬಳೇ ಆಗ್ಲಿಲ್ಲ. ಮಧ್ಯಾಹ್ನದ ಹೊತ್ತು ಸೆರಗಿನೊಳಗೆ ಫೋನಿಟ್ಕೊಂಡು ಒಬ್ಬೊಬ್ಬರೇ ಬರೋಕೆ ಶುರು ಮಾಡಿದ್ರು. "ಅಕ್ಕ, ಯಾರಿಗೂ ಹೇಳ್ಬೇಡಿ, ನಂಗೂ ತೋರಿಸ್ಕೊಡಿ" ಅಂತ. ಕಲಿತು ಇನ್ನೂ ಹಳೇದಾಗಿರ್ಲಿಲ್ಲ, ಆಗ್ಲೇ ನಾನು ಮೇಷ್ಟ್ರು. ತಪ್ಪು ಮಾಡ್ದೋರಿಗೆ ಗದರಿಸ್ತಾನೂ ಇದ್ದೆ. ಕೊನೆಗೆ ಆಫೀಸಿನೋರು, ನಮ್ಮ ಕೆರೆ ಕಡೆ ಜಾಗದ ವಿಷಯ ಇನ್ನೊಂದ್ಸಲ ನೋಡ್ತೀವಿ, ಅಲ್ಲೀವರೆಗೂ ಹಸಿರು ಹಂಗೇ ಇರುತ್ತೆ ಅಂತ ಹೇಳಿದ್ರು. ಮೆಂಬರಮ್ಮನಿಗೆ ಗೊತ್ತಾಯ್ತು. ಬದುವಿನ ಆ ಕಡೆ ಅವಳು, ಈ ಕಡೆ ನಾನು, ಮಾತಿಲ್ಲ. ಅವಳು ಕೆಮ್ಮಿದ್ರೆ ನಾನು ಬೇಕಂತ ಜೋರಾಗಿ ಫೋನಲ್ಲಿ ಮಾತಾಡ್ತಿದ್ದೆ.

ಚಳಿಗಾಲದಲ್ಲಿ ಅವಳು ಹಾಸಿಗೆ ಹಿಡಿದ್ಲು. ಸಕ್ಕರೆ ಕಾಯಿಲೆ, ಕಾಲಿಗೆ ಇಳಿದಿತ್ತು. ಆಸ್ಪತ್ರೆಗೆ ಹೋದೆ. ಎಲೆ ಅಡಿಕೆ ಬಿಡಿಸಿದ್ರು, ಬೆರಳು ಬೋಳಾಗಿತ್ತು, ಯಾರದ್ದೋ ಬೆರಳು ನೋಡಿದಂಗಿತ್ತು. ನಾನೇ ಬಾಯಿ ಬಿಡ್ಲಿ ಅಂತ ಅವಳು, ಅವಳೇ ಬಿಡ್ಲಿ ಅಂತ ನಾನು. ಸೋತಿದ್ದು ಅವಳು.

"ಒತ್ತಿ ಒತ್ತಿ ಬೆರಳು ನೋಯ್ತದಾ?"

"ಇಲ್ಲ. ಅಭ್ಯಾಸ ಆಯ್ತು."

"ಮೊದ್ಲೇ ಕಲ್ತಿದ್ರೆ ನಂಗ್ಯಾಕೆ ವೀಳ್ಯ ಕೊಡ್ತಿದ್ರಿ" ಅಂದ್ಲು. ಬೈದ್ಲೋ, ತಪ್ಪಾಯ್ತು ಅಂದ್ಲೋ, ಕೇಳೋಣ ಅನ್ನೋಷ್ಟರಲ್ಲಿ ಕಣ್ಣು ಮುಚ್ಕೊಂಡಿದ್ಲು. ನಿದ್ದೆ ಬಂದಿತ್ತೋ, ನಿದ್ದೆ ಬಂದೋಳ ಹಂಗೆ ಮಾಡಿದ್ಲೋ, ಅದೂ ಗೊತ್ತಿಲ್ಲ. ಅದೇ ವಾರ ಹೋಗ್ಬಿಟ್ಲು.

ನಮ್ಮಲ್ಲಿ ಸುಡೋದಿಲ್ಲ, ಹೂಳ್ತಾರೆ, ಅದೂ ಅವರವರ ಸ್ವಂತ ಜಮೀನಲ್ಲೇ. ಅವಳಿಗಿದ್ದಿದ್ದು ಅದೊಂದೇ ಜಮೀನು. ಕೊತ್ತಂಬರಿ ಮಡಿ ತೆಗೆದು ಅಲ್ಲೇ ಗುಂಡಿ ತೋಡಿದ್ರು, ನನ್ನ ಬದುವಿಗೆ ಅಂಟ್ಕೊಂಡು. ಎಲ್ಲಾರೂ ಮಣ್ಣು ಹಾಕಿದ್ರು, ನಾನೂ ಹಾಕ್ದೆ. ಕಣ್ಣಲ್ಲಿ ನೀರು ಬರ್ಲಿಲ್ಲ. ಸಿಟ್ಟು ಅಡ್ಡ ನಿಂತಿತ್ತು.

ಹೋದ ತಿಂಗಳು ಅವಳ ಸೊಸೆ ಬಂದ್ಲು. ಒಳ್ಳೇ ಹೆಣ್ಣುಮಗಳು, ಯಾವತ್ತೂ ಎದುರು ಮಾತಾಡಿದೋಳಲ್ಲ. ಹೊಸಲಲ್ಲೇ ನಿಂತು ಕಾಲ್ಬೆರಳಲ್ಲಿ ನೆಲ ಗೀಚ್ತಾ ಅಂದ್ಲು, "ಅತ್ತೆ, ನೀವು ಹಾಕಿದ ಆಕ್ಷೇಪಣೆ ವಾಪಸ್ ತಗೊಂಡುಬಿಡಿ. ನೀವು ತಗೊಂಡ್ರೆ ಮಿಕ್ಕೋರೂ ತಗೋತಾರೆ. ನಾವೂ ಒಂದು ಮನೆ ಅಂತ ನೋಡ್ಬೇಕಲ್ವಾ."

"ನಿಮ್ಮತ್ತೇನ ಕೇಳ್ಕೊಂಡು ಬಾ" ಅಂದೆ.

ಅವಳು ಮಿಕಿಮಿಕಿ ನೋಡಿದ್ಲು. "ಸತ್ತೋರನ್ನ ಹೆಂಗತ್ತೆ ಕೇಳೋದು?"

"ಹೊಲದಲ್ಲೇ ಮಲಗಿದಾಳಲ್ಲ, ಹೋಗಿ ಕೇಳು. ಅಲ್ಲಿ ಪಾಯ ತೋಡೋಕೆ ಜೇಸಿಬಿ ಬಂದಾಗ ಅವಳು ಎದ್ದು ಜಾಗ ಬಿಡ್ತೀನಿ ಅಂದ್ರೆ ನಾನೂ ವಾಪಸ್ ತಗೋತೀನಿ."

ಸೊಸೆ ಬಾಯಿಗೆ ಕೈ ಅಡ್ಡ ಇಟ್ಕೊಂಡ್ಲು. ಅದೊಂದು ಅವಳಿಗೂ ಹೊಳೆದಿರ್ಲಿಲ್ಲ. ಪ್ಲಾನ್ ಆದ್ರೆ ಆ ಜಾಗಕ್ಕೆ ಯಾರ ಮನೆ ಬೀಳುತ್ತೋ, ಯಾರ ಕಾರು ನಿಲ್ಲುತ್ತೋ. "ಕೂತ್ಕೊಳಮ್ಮ, ಕಾಫಿ ಮಾಡ್ತೀನಿ" ಅಂದೆ. ಬೇಡ ಅಂತ ತಲೆ ಆಡಿಸಿ ಹೊರಟುಹೋದ್ಲು. ಅವಳಿಗೊಂದು ಸೋರದ ಮನೆ ಬೇಕು, ಅದು ನನಗೆ ಗೊತ್ತಿದೆ. ನನಗೆ ಮೋಸ ಮಾಡ್ದೋಳ ಸಮಾಧಿಗೆ ನಾನೇ ಕಾವಲು ನಿಂತಂಗಾಯ್ತು, ಅದೂ ಗೊತ್ತಿದೆ. ಸರಿ ಯಾವುದು ಅಂತ ಈ ಜಾಣ ಫೋನೂ ಹೇಳಲ್ಲ.

ಬೆಳಗ್ಗೆ ಹೊಲಕ್ಕೆ ಹೋಗ್ತೀನಿ. ಅವಳ ಕಡೆ ತಿರುಗಿ ನೋಡಲ್ಲ. ಮೋಟಾರ್ ಹಾಕಿ ಮಡಿಗೆ ನೀರು ಬಿಡ್ತೀನಿ. ನನ್ನ ಮಡಿ ತುಂಬಿ, ಬದು ದಾಟಿ, ನೀರು ಅವಳ ತಲೆಯ ಹತ್ರಾನೂ ಹೋಗುತ್ತೆ. ಅಲ್ಲಿ ಯಾರೂ ಚೆಲ್ಲದೇನೇ ಕೊತ್ತಂಬರಿ ಎದ್ದಿದೆ. ನಾನು ಬೇಕಂತ ಬಿಡ್ತಿರೋದಲ್ಲ. ನೆಲ ಆ ಕಡೆಗೆ ಇಳಿಜಾರು, ನಾನೇನು ಮಾಡ್ಲಿ.